ಅಣ್ಣನ ಚಿಮಟಿಗೆ

ನನಗೆ ಈ ತೊಂದರೆ ಶುರುವಾದ ಮೇಲೆ ಎಂಟು ತಿಂಗಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೆಂಡತಿಯ ಮುಂದೆಯೂ ಇಲ್ಲ. ಮೂತ್ರಕ್ಕೆ ಕೂತರೆ ಹೊತ್ತು ಹೋಗುತ್ತಿತ್ತು, ಎದ್ದು ಬಂದ ಮೇಲೆ ನೋಡಿದರೆ ಧೋತರ ಒದ್ದೆ. ಕುಂದಗೋಳ ತಾಲೂಕಿನಲ್ಲಿ, ಸಂಶಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಈಗಲೂ ಊರಿನವರು ಗುಳಿಗೆಯ ಚೀಟಿ ಓದಿಸಿಕೊಳ್ಳಲು ನನ್ನ ಕಟ್ಟೆಗೇ ಬರುತ್ತಾರೆ. ಅಂಥವನು ತನ್ನ ಮೈಯ ಸಂಗತಿಯನ್ನು ಮುಚ್ಚಿಟ್ಟುಕೊಂಡು ಕೂತದ್ದು ನಾಚಿಕೆಗಲ್ಲ. ನಾಚಿಕೆ ಎಂದು ಹೇಳಿಕೊಂಡರೆ ನನಗೆ ಅನುಕೂಲ, ಆದರೆ ಅದು ಸುಳ್ಳು. ಅದು ಹೆದರಿಕೆ. ನನ್ನ ಅಣ್ಣ ಸತ್ತದ್ದು ಹೀಗೆಯೇ ಶುರುವಾದ ರೋಗದಿಂದ. ಅವನು ಅದನ್ನು ಮೊದಲು ಹೇಳಿದ್ದು ನನಗೆ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಹೊಲ ಹಿಡಿದ. ಅವನು ಹೊಲ ಹಿಡಿದದ್ದಕ್ಕೇ ನನ್ನ ಕೈಗೆ ಪುಸ್ತಕ ಬಂತು. ಅವನ ಸೊಂಟದ ಕರಿ ಉಡದಾರದಲ್ಲಿ ಒಂದು ಉಕ್ಕಿನ ಚಿಮಟಿಗೆ ಜೋತಾಡುತ್ತಿತ್ತು, ಕಿರುಬೆರಳಿನಷ್ಟು ಉದ್ದದ್ದು. ನಮ್ಮ ಎರೆಹೊಲಗಳ ಬದುವಿನ ತುಂಬ ಜಾಲಿ ಗಿಡ, ಮುಳ್ಳು ಚುಚ್ಚದ ದಿನವೇ ಇಲ್ಲ. ಹಾಗಾಗಿ ಮುಳ್ಳು ಕೀಳುವ ಚಿಮಟಿಗೆಯನ್ನು ರೈತರು ಸೊಂಟದಲ್ಲೇ ಇಟ್ಟುಕೊಂಡಿರುತ್ತಾರೆ.

ಅವತ್ತು ನಾನು ಶಾಲೆಗೆ ಸೂಟಿ ಇದ್ದದ್ದರಿಂದ ಕಡಲೆ ಬೆಳೆ ನೋಡಲು ಹೊಲಕ್ಕೆ ಹೋಗಿದ್ದೆ. ಬದು ದಾಟುವಾಗ ಹಿಮ್ಮಡಿಯಲ್ಲಿ ಮುಳ್ಳು ಮುರಿಯಿತು. ಅಣ್ಣ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ನನಗಿಂತ ಹಿರಿಯರೂ ನನಗೆ ನಮಸ್ಕಾರ ಮಾಡುವ ಊರಿನಲ್ಲಿ ಅಣ್ಣನ ತೊಡೆಯ ಮೇಲೆ ಕಾಲಿಟ್ಟು ಕೂರಲು ನನಗೆ ಮುಜುಗರ. ಬಿಡು ಎಂದೆ, ಬಿಡಲಿಲ್ಲ. ಚಿಮಟಿಗೆಯ ತುದಿಯಿಂದ ಚರ್ಮ ಬಿಡಿಸುತ್ತ, ತಲೆ ಎತ್ತದೆ ಮಾತು ತೆಗೆದ.

"ತಮ್ಮಾ, ನೀ ಓದಿದಾಂವ. ಒಂದ್ ಮಾತ ಕೇಳ್ತೇನಿ, ನಗಬಾರ್ದು. ಕುಂತ್ರ ಬರವಲ್ದು, ಎದ್ರ ನಿಲ್ಲವಲ್ದು."

ನಾನು ನಕ್ಕೆ. ಮಾಸ್ತರಿಕೆಯ ಗತ್ತಿನಲ್ಲಿ ನಕ್ಕೆ. ವಯಸ್ಸಾಯಿತಲ್ಲಪ್ಪಾ ನಿನಗೆ, ಮುದುಕರೆಲ್ಲರ ಹಾಡೂ ಇದೇ, ಮಲಗುವ ಮುಂದೆ ನೀರು ಕಡಿಮೆ ಕುಡಿ, ಮತ್ತೇನೂ ಇಲ್ಲ ಎಂದೆ. ಅವನೂ ನಕ್ಕ. ಅಷ್ಟರಲ್ಲಿ ಮುಳ್ಳು ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಊದಿ ಬಿಸಾಕಿದ. ಆ ಮಾತನ್ನು ಅವನು ಮತ್ತೊಮ್ಮೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅವನಿಗೆ ನಡು ಹಿಡಿಯಿತು. ಚೀಲ ಎತ್ತಿದ್ದಕ್ಕೆ ಹಿಡಿದಿದೆ ಎಂದು ಎಣ್ಣೆ ತಿಕ್ಕಿಸಿಕೊಂಡ. ನೋವು ಹೆಚ್ಚಾಗಿ ಏಳಲಾರದಂತಾದಾಗ ಹುಬ್ಬಳ್ಳಿಗೆ ಒಯ್ದೆವು. ಪ್ರೊಸ್ಟೇಟ್ ಎಂಬ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟಿ, ಬೆನ್ನಿನ ಎಲುಬಿಗೆಲ್ಲ ಇಳಿದಿದೆ ಎಂದರು. ವರ್ಷ ತುಂಬುವುದರೊಳಗೆ ಅಣ್ಣ ಹೋದ. ಕೊನೆಯ ತಿಂಗಳು ಅವನ ಮಗ್ಗುಲು ಹೊರಳಿಸಲು ಇಬ್ಬರು ಬೇಕಾಗುತ್ತಿತ್ತು, ಹೊರಳಿಸಿದಾಗ ಅವನು ಅಳುತ್ತಿದ್ದ. ಅಣ್ಣ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಮ್ಮಲ್ಲಿ ಗಂಡಸಿನ ಸೊಂಟ ಬರಿದಾಗಿ ಇರಬಾರದು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲೇ ಉಡದಾರ ಕಟ್ಟುತ್ತಾರೆ. ಅದು ಸವೆದರೆ ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಹರಿಯುತ್ತಾರೆ. ಬರಿ ಸೊಂಟ ಹೆಣಕ್ಕೆ ಮಾತ್ರ. ಮೈ ತೊಳೆಯುವಾಗ ಉಡದಾರ ಹರಿದು ತೆಗೆದುಬಿಡುತ್ತಾರೆ. ಅಣ್ಣನದನ್ನು ಹರಿಯುವ ಕೆಲಸ ತಮ್ಮನಾದ ನನ್ನ ಪಾಲಿಗೆ ಬಂತು. ಯಾರೋ ಕುಡಗೋಲು ಕೊಟ್ಟರು. ದಾರ ಹಳೆಯದು, ಆದರೂ ಒಂದೇ ಎಳೆತಕ್ಕೆ ಹರಿಯಲಿಲ್ಲ, ಮೂರು ಸಲ ಎಳೆಯಬೇಕಾಯಿತು. ಚಿಮಟಿಗೆ ಕಲ್ಲಿನ ಮೇಲೆ ಬಿದ್ದು ಸಪ್ಪಳವಾಯಿತು. ಅಣ್ಣನ ಹೆಂಡತಿ, ನನ್ನ ವೈನಿ, ಅದನ್ನು ಎತ್ತಿ ತೊಳೆದು, ದಿನಕರ್ಮ ಮುಗಿದ ಮೇಲೆ ನನ್ನ ಕೈಗೆ ಕೊಟ್ಟು, ನಿನ್ನ ಹತ್ತಿರ ಇರಲಿ ತಮ್ಮಾ ಎಂದಳು.

ಅದನ್ನು ನನ್ನ ಉಡದಾರದಲ್ಲಿ ಪೋಣಿಸಿಕೊಂಡೆ. ಮುಳ್ಳು ಕಿತ್ತದ್ದು ಒಂದು ದಿನವೂ ಇಲ್ಲ, ಮಾಸ್ತರನ ಕಾಲಿಗೆ ಎಲ್ಲಿಯ ಮುಳ್ಳು. ಸುಮ್ಮನೆ ಜೋತಾಡುತ್ತಿತ್ತು. ಮೊದಮೊದಲು ತಣ್ಣಗೆ ಹೊಟ್ಟೆಗೆ ತಾಕಿದಾಗ ಜೀವ ಚುರ್ ಎನ್ನುತ್ತಿತ್ತು. ಆಮೇಲೆ ರೂಢಿಯಾಗಿ ಅದು ಇದೆ ಎಂಬುದೇ ಮರೆತುಹೋಯಿತು, ಮೂಗಿನ ಮೇಲಿನ ಕನ್ನಡಕ ಮರೆಯುವ ಹಾಗೆ.

ಅಣ್ಣ ಹೋಗಿ ಮೂರು ವರ್ಷಕ್ಕೆ ನನಗೂ ಕೂತರೆ ಬಾರದಂತಾಯಿತು. ಎಂಟು ತಿಂಗಳು ಹೇಗೆ ಕಳೆದೆ ಎಂದು ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಬಸ್ಸು ಹತ್ತುವುದು ಬಿಟ್ಟೆ. ಮದುವೆ ಮನೆಗೆ ಹೋದರೆ ಪಂಕ್ತಿಯ ತುದಿಗೆ, ಬಾಗಿಲ ಬಾಜು ಕೂರುತ್ತಿದ್ದೆ. ನಡು ಸ್ವಲ್ಪ ನೊಂದರೂ ಸಾಕು, ಇಳಿಯಿತು, ಎಲುಬಿಗೆ ಇಳಿಯಿತು ಎಂದು ಬೆನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಕೊನೆಗೆ ಒಂದು ದಿನ ಪೆನ್ಶನ್ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಸಂಶಿಗೆ ಹೋದೆ, ಅಲ್ಲಿಯ ಡಾಕ್ಟರರ ಮುಂದೆ ಕೂತೆ. ನಾನು ತಡವರಿಸಿ ಹೇಳಿದ್ದನ್ನು ಕೇಳಿ ಅವರು ನಗಲಿಲ್ಲ. ಪೆನ್ನು ತೆಗೆದು, "ಎಷ್ಟ ದಿನಾತ್ರಿ?" ಎಂದು ಕೇಳಿದರು.

ಎರಡೇ ಶಬ್ದ. ಇಷ್ಟು ಕೇಳಲು ಡಾಕ್ಟರಕಿ ಕಲಿಯಬೇಕಾಗಿಲ್ಲ. ಹೊಲದ ಬದುವಿನ ಮೇಲೆ ಯಾರು ಬೇಕಾದರೂ ಕೇಳಬಹುದಾಗಿತ್ತು.

ರಕ್ತ ತೆಗೆಸಿದರು. ಪ್ರೊಸ್ಟೇಟಿನ ಸಲುವಾಗಿ ಒಂದು ತಪಾಸಣೆ ಇದೆಯಂತೆ, ಅದರ ಅಂಕಿ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಚೀಟಿ ಬರೆದು ಹುಬ್ಬಳ್ಳಿಯ ದೊಡ್ಡ ಡಾಕ್ಟರರ ಕಡೆಗೆ ಕಳಿಸಿದರು. ಆ ಡಾಕ್ಟರು ಕೈಗೆ ರಬ್ಬರಿನ ಚೀಲ ಹಾಕಿಕೊಂಡು ತಪಾಸಣೆ ಮಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮಾನಕ್ಕೆ ಅಷ್ಟಾದರೂ ಇರಲಿ. ಒಂದು ಬದಿ ಗಟ್ಟಿ ತಾಕಿದಂತಾಗುತ್ತಿದೆ ಎಂದರು. ಹಾಗೆಂದು ಈಗಲೇ ಸೂಜಿ ಚುಚ್ಚಿ ತುಣುಕು ತೆಗೆಯುವುದಿಲ್ಲ, ಮೊದಲು ಎಂಆರ್‌ಐ ಮಾಡಿಸೋಣ ಎಂದರು. ನಾನು ಓದಿದವನೆಂದು ತಿಳಿದು ಕಾಗದದ ಮೇಲೆ ಚಿತ್ರ ತೆಗೆದು ಬಿಡಿಸಿ ಹೇಳಿದರು. ಮಧ್ಯದಲ್ಲಿ ಒಂದು ಔಷಧವನ್ನು ರಕ್ತನಾಳಕ್ಕೆ ಬಿಡುತ್ತಾರಂತೆ. ಕೆಟ್ಟ ಗಂಟು ಇದ್ದರೆ ಅದು ಸುತ್ತಲಿನ ಮಾಂಸಕ್ಕಿಂತ ಮೊದಲು ಆ ರಕ್ತವನ್ನು ಎಳೆದುಕೊಳ್ಳುತ್ತದೆ, ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ. ಆಮೇಲೆ ಸೂಜಿಗೆ ಎಲ್ಲಿ ಹೋಗಬೇಕೆಂದು ಗೊತ್ತಿರುತ್ತದೆ, ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಔಷಧ ಬಿಡುವ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತ ನೋಡಿದರು, ಅದು ಸರಿ ಇತ್ತು.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಣ್ಣನಿಗೆ ಎಂದೆ. ಅವರಿಗೆ ಮೊದಲು ಯಾವಾಗ ಗೊತ್ತಾಯಿತು ಎಂದು ಕೇಳಿದರು. ನಡು ಹಿಡಿದಾಗ ಎಂದೆ. ಸುಳ್ಳು ನಾಲಿಗೆಯ ಮೇಲೇ ಕಾದು ಕೂತಿತ್ತು, ಅಷ್ಟು ಸಲೀಸಾಗಿ ಬಂತು.

ಹೆಂಡತಿಗೆ ಮೂತ್ರಪಿಂಡದಲ್ಲಿ ಹರಳು ಎಂದು ಹೇಳಿದೆ. ಎಂಆರ್‌ಐಗೆ ಎಂಟು ದಿನ ಇತ್ತು. ಆ ಎಂಟು ದಿನವೂ ಆಕೆ ಬೆಳಗ್ಗೆ ಎದ್ದು ಹುರುಳಿ ಕುದಿಸಿ ಕಟ್ಟು ಬಸಿದು ತಂಬಿಗೆ ತುಂಬ ಕೊಟ್ಟಳು, ಹರಳು ಕರಗುತ್ತದೆ ಎಂದು. ನಾನು ಕುಡಿದೆ. ಬೇರೆ ಏನು ಮಾಡಲಿ. ಆಕೆ ಮುಂದೆ ನಿಂತು ತಂಬಿಗೆ ಬರಿದಾಗುವ ತನಕ ನೋಡುತ್ತಿದ್ದಳು. ನಿಜ ಹೇಳಿದರೆ ಮಾತು ಗೋಡೆಯಾಚೆಯ ಮನೆಯಲ್ಲಿರುವ ವೈನಿಗೆ ತಲುಪುತ್ತದೆ, ವೈನಿ ಎಲ್ಲ ಕೆದಕಿ ಕೇಳುತ್ತಾಳೆ, ಕೇಳುತ್ತ ಕೇಳುತ್ತ ಆ ಕಡಲೆ ಹೊಲದ ತನಕ ಬರುತ್ತಾಳೆ. ರೋಗದಷ್ಟೇ ಅಂಜಿಕೆ ಅದರದ್ದೂ ಇತ್ತು.

ಎಂಆರ್‌ಐ ದಿನ ಹೆಂಡತಿಯೂ ಬಂದಳು, ಬೇಡವೆಂದರೂ ಕೇಳಲಿಲ್ಲ. ಸಂಶಿಯಿಂದ ಹುಬ್ಬಳ್ಳಿ ಬಸ್ಸು. ನನಗೆ ಉಪವಾಸ, ಆಕೆಯ ಕೈಚೀಲದಲ್ಲಿ ಆಮೇಲೆ ಉಣ್ಣಲೆಂದು ರೊಟ್ಟಿ ಗಂಟು. ದಾರಿಯುದ್ದಕ್ಕೂ ಆಕೆ ಯಾರ ಹೊಲದಲ್ಲಿ ಏನು ಬಂದಿದೆ ಎಂದು ಹೇಳುತ್ತಿದ್ದಳು, ನಾನು ಹೂಂ ಹೂಂ ಎನ್ನುತ್ತಿದ್ದೆ. ನನ್ನ ಕಿವಿಯಲ್ಲಿ ಅಣ್ಣನ ನರಳಿಕೆ ಬಿಟ್ಟು ಬೇರೇನೂ ಇರಲಿಲ್ಲ.

ಸ್ಕ್ಯಾನ್ ಮಾಡುವಲ್ಲಿ ಒಬ್ಬ ಹುಡುಗಿ ಇದ್ದಳು, ಮಶೀನು ನಡೆಸುವವಳು. ನನ್ನ ಕೈಗೆ ಸೂಜಿಯ ನಳಿಕೆ ಚುಚ್ಚಿ ಪಟ್ಟಿ ಅಂಟಿಸಿದಳು. ಅಜ್ಜಾರ ಅಜ್ಜಾರ ಎಂದು ಕರೆಯುತ್ತಿದ್ದಳು, ನನಗೆ ಮೈ ಉರಿಯಿತು, ನನ್ನನ್ನು ಮಾಸ್ತರ ಎನ್ನದವರು ಕಡಿಮೆ. ಆಸ್ಪತ್ರೆಯ ಉದ್ದನೆಯ ಅಂಗಿ ಕೊಟ್ಟು, ಬಟ್ಟೆ ಎಲ್ಲ ಕಳಚಿ ಇದನ್ನು ಹಾಕಿಕೊಳ್ಳಿ ಎಂದಳು. ಒಂದು ಫಾರ್ಮ್ ತುಂಬಿಸಿಕೊಂಡಳು. ಗಡಿಯಾರ, ಉಂಗುರ, ಕಟ್ಟಿಸಿದ ಹಲ್ಲು, ಎದೆಯಲ್ಲಿ ಮಶೀನು, ಎಲುಬಿನಲ್ಲಿ ರಾಡು, ಮೈಮೇಲೆ ಏನಾದರೂ ಕಬ್ಬಿಣ ಇದೆಯೇ ಎಂದು ಒಂದೊಂದಾಗಿ ಕೇಳಿದಳು. ಒಂದೊಂದಕ್ಕೂ ಇಲ್ಲ ಎಂದೆ. ಸಾಲದ್ದಕ್ಕೆ, ಮೂವತ್ತೆರಡು ವರ್ಷ ಅಯಸ್ಕಾಂತದ ಪಾಠ ಹೇಳಿದ್ದೇನವ್ವಾ, ನನಗೆ ಇದನ್ನೆಲ್ಲ ಹೇಳಬೇಡ ಎಂದು ಆಕೆಗೇ ದಬಾಯಿಸಿದೆ. ಆಕೆ ಸಹಿ ಹಾಕಿಸಿಕೊಂಡಳು. ಅಂಗಿ ಬದಲಿಸುವಾಗ ಎಲ್ಲವನ್ನೂ ಕಳಚಿದೆ. ಉಡದಾರಕ್ಕೆ ಕೈ ಹೋಗಲೇ ಇಲ್ಲ. ಉಡದಾರವನ್ನು ಯಾರು ಕಳಚುತ್ತಾರೆ? ಅದು ಬಟ್ಟೆಯಲ್ಲ, ಆಭರಣವಲ್ಲ, ಚರ್ಮದ ಹಾಗೆ ಅದು.

ಒಳಗೆ ಹೋದೆವು. ಥಂಡಿ ಕೋಣೆ. ನಡುವೆ ದೊಡ್ಡ ಬಿಳಿ ಮಶೀನು, ಅದರಲ್ಲಿ ಒಂದು ಗವಿ, ಗವಿಯ ಮುಂದೆ ಮಂಚ. ಹುಡುಗಿ ನನ್ನ ತೋಳು ಹಿಡಿದಿದ್ದಳು. ಮಂಚಕ್ಕೆ ಇನ್ನು ಎರಡು ಹೆಜ್ಜೆ ಇರುವಾಗ ನನ್ನ ಹೊಕ್ಕುಳ ಕೆಳಗೆ ಏನೋ ಮಿಸುಕಿತು. ಮುಂದಿನ ಹೆಜ್ಜೆಗೆ ಅಂಗಿ ತಾನಾಗಿ ಮುಂದಕ್ಕೆ ಎದ್ದಿತು, ಬೆನ್ನ ಹಿಂದೆ ದಾರ ಬಿಗಿಯಾಗಿ ಚರ್ಮಕ್ಕೆ ಕೊಯ್ಯಿತು. ಯಾರೋ ನನ್ನ ಸೊಂಟಕ್ಕೆ ಹಗ್ಗ ಹಾಕಿ ಆ ಗವಿಯೊಳಕ್ಕೆ ಎಳೆಯುತ್ತಿದ್ದರು.

ಅಯಸ್ಕಾಂತದ ಪಾಠ ಹೇಳಿದವನಿಗೆ ಆ ಗಳಿಗೆಯಲ್ಲಿ ಅಯಸ್ಕಾಂತ ನೆನಪಾಗಲಿಲ್ಲ. ಅಣ್ಣ ನೆನಪಾದ. ಕರೆಯಲು ಬಂದಿದ್ದಾನೆ ಎಂದುಕೊಂಡೆ. ಹಾಳೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ ಎಷ್ಟು ಸಾವಿರ ಮಕ್ಕಳಿಗೆ ತೋರಿಸಿದ್ದೇನೋ ಆ ಪಾಠವೆಲ್ಲ ತಲೆಯಿಂದ ಹಾರಿಹೋಯಿತು, ನಿಂತಲ್ಲೇ ನೀರು ಹೋಯಿತು. ಎಂಟು ತಿಂಗಳಿಂದ ಕೂತು ಬೇಡಿಕೊಂಡರೂ ಬಾರದ್ದು ಆಗ ಬಂತು.

ಹುಡುಗಿ ನನ್ನನ್ನು ಎರಡೂ ಕೈಯಿಂದ ಅಪ್ಪಿ ಹಿಂದಕ್ಕೆ ಎಳೆದುಕೊಂಡು ಬಾಗಿಲಾಚೆ ತಂದಳು. ಅಂಗಿಯ ಮೇಲಿಂದಲೇ ಮುಷ್ಟಿಯಲ್ಲಿ ಚಿಮಟಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಆಕೆಯ ಮುಖ ಬಿಳಿಚಿತ್ತು.

"ಇದು ಹರಕೊಂಡು ಹಾರಿದ್ರ ಏನಾಗ್ತಿತ್ತು ಗೊತ್ತೈತೇನ್ರಿ? ಯಾರದರ ಕಣ್ಣ ಹೋಗ್ತಿತ್ತು. ಇಲ್ಲ ಅಂತ ಸಹಿ ಮಾಡೀರಿ."

ತಪ್ಪು ಪೂರಾ ನನ್ನದು, ಕೇಳಬೇಕಾದದ್ದನ್ನು ಆಕೆ ಎಲ್ಲ ಕೇಳಿದ್ದಳು. ಒದ್ದೆಯಾದ ಅಂಗಿಗೆ ಬೇರೆ ಅಂಗಿ ಕೊಟ್ಟಳು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಕತ್ತರಿ ತಂದಳು. ದಾರವನ್ನೇ ಚಿಮಟಿಗೆಯ ಕಣ್ಣಿನಲ್ಲಿ ಪೋಣಿಸಿ ಗಂಟು ಬಿಗಿದಿದ್ದೆ, ಬೆವರಿಗೆ ಗಂಟು ಕಲ್ಲಾಗಿತ್ತು, ದಾರ ಕತ್ತರಿಸದೆ ಅದು ಬರುವಂತಿರಲಿಲ್ಲ. ಕತ್ತರಿ ಸೊಂಟದ ಹತ್ತಿರ ಬಂದಾಗ ಆಕೆಯ ಕೈಯನ್ನು ಗಪ್ಪನೆ ಹಿಡಿದುಕೊಂಡೆ. ಬೇಡ ಎಂದೆ. ಎಂಆರ್‌ಐ ಬೇಡ, ಮನೆಗೆ ಹೋಗುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ಕತ್ತರಿಯಲ್ಲ, ಕುಡಗೋಲು. ಮೂರು ಎಳೆತ. ಕಲ್ಲಿನ ಮೇಲೆ ಆದ ಸಪ್ಪಳ. ಬರಿ ಸೊಂಟದಲ್ಲಿ ಆ ಗವಿಯೊಳಗೆ ಮಲಗಿದರೆ ಅಣ್ಣನಿಗೂ ನನಗೂ ಏನು ಫರಕು?

ಹುಡುಗಿ ಹೊರಗೆ ಹೋಗಿ ನನ್ನ ಹೆಂಡತಿಯನ್ನು ಕರೆತಂದಳು. ಆಕೆ ನನ್ನನ್ನು ಅಂಗಿಯಲ್ಲಿ ನೋಡಿದಳು, ಕತ್ತರಿ ನೋಡಿದಳು, ಉಡದಾರವನ್ನು ಬಿಗಿಹಿಡಿದಿದ್ದ ನನ್ನ ಕೈ ನೋಡಿದಳು.

"ಹರಳು ಅಂದಿದ್ರಿ. ಹರಳಿಗೆ ಇಷ್ಟ ಅಂಜಿಕಿ ಯಾಕ?"

"ಹರಳಲ್ಲ," ಎಂದೆ. "ಅಣ್ಣಗ ಆಗಿತ್ತಲ್ಲ, ಅದು."

ಆಕೆ ಅಳಲಿಲ್ಲ. ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಂಟು ದಿನ ಕುದಿಸಿದ ಹುರುಳಿ ನೆನಪಾಗಿರಬೇಕು. ಆಮೇಲೆ ಹುಡುಗಿಯ ಕಡೆ ತಿರುಗಿ, ಬರಿ ನೂಲಿನ ದಾರವಿದ್ದರೆ ಒಳಗೆ ನಡೆಯುತ್ತದೆಯೇ ಎಂದು ಕೇಳಿದಳು. ನೂಲಾದರೆ ಏನೂ ಆಗುವುದಿಲ್ಲ, ಜರಿ ಇರಬಾರದು ಎಂದಳು ಹುಡುಗಿ. ಹೆಂಡತಿ ತನ್ನ ಸೆರಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಹಲ್ಲಿನಿಂದ ಕಚ್ಚಿ, ಅಂಚಿನಲ್ಲಿದ್ದ ಎಳೆಗಳನ್ನು ಬಿಡಿಸಿದಳು. ಒಂದೊಂದೇ ಎಳೆ ಎಳೆದಾಗ ಸೆರಗು ಸುಕ್ಕುಗಟ್ಟುತ್ತಿತ್ತು. ದೀಪದ ಬತ್ತಿ ಹೊಸೆಯುವ ಹಾಗೆ ಅವನ್ನು ಅಂಗೈಯಲ್ಲಿ ಹೊಸೆದು, ಗಂಟು ಹಾಕಿ ಉದ್ದ ಮಾಡಿದಳು. ಹುಡುಗಿ ಅವಸರ ಮಾಡಲಿಲ್ಲ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ನನ್ನ ಸೊಂಟಕ್ಕೆ ಆಕೆ ಮೊದಲು ಹೊಸ ದಾರ ಕಟ್ಟಿದಳು. ಮದುವೆಯಾಗಿ ನಲವತ್ತು ವರ್ಷವಾಯಿತು, ನನ್ನ ಉಡದಾರ ಆಕೆ ಕಟ್ಟಿದ್ದು ಅದೇ ಮೊದಲು, ನಮ್ಮಲ್ಲಿ ಅದು ಹೆಂಗಸರು ಮಾಡುವ ಕೆಲಸವಲ್ಲ. ಗಂಟು ಬಿಗಿದು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಕತ್ತರಿ ಇಸಿದುಕೊಂಡು ಹಳೆಯದನ್ನು ತಾನೇ ಕತ್ತರಿಸಿದಳು. ಚಿಮಟಿಗೆಯನ್ನು ನೆಲಕ್ಕೆ ಬೀಳಗೊಡಲಿಲ್ಲ, ಇನ್ನೊಂದು ಕೈ ಕೆಳಗೆ ಹಿಡಿದಿದ್ದಳು. ಹೋಗಿ ಬರ್ರಿ ಎಂದಳು, ಸಂತೆಗೆ ಕಳಿಸುವವಳ ಹಾಗೆ.

ಒಳಗೆ ಮಲಗಿಸಿದರು. ಕಿವಿಗೆ ಮುಚ್ಚಳ, ಕೈಯಲ್ಲಿ ಒಂದು ರಬ್ಬರಿನ ಚೆಂಡು, ಹೆದರಿಕೆಯಾದರೆ ಒತ್ತಬೇಕಂತೆ. ಹೆದರಿಕೆಯಾದರೆ ಎಂದರೆ ಏನು, ಆಗಿಯೇ ಇತ್ತಲ್ಲ. ಒತ್ತಿದರೆ ಮತ್ತೆ ಮೊದಲಿನಿಂದ ಎಂದು ಹಲ್ಲು ಕಚ್ಚಿ ಮಲಗಿದೆ. ಮಂಚ ಗವಿಯೊಳಕ್ಕೆ ಸರಿಯಿತು. ಮೂಗಿನ ಮೇಲೆಯೇ ಮಾಳಿಗೆ. ಶುರುವಾಯಿತು ನೋಡಿ ಬಡಿತ, ತಗಡಿನ ಮೇಲೆ ಗುದ್ದಲಿ ಬಡಿದಂತೆ. ನಿಲ್ಲುತ್ತಿತ್ತು, ಮುಗಿಯಿತು ಎನ್ನುವಷ್ಟರಲ್ಲಿ ಬೇರೆ ತರದ ಬಡಿತ. ಅಲುಗಾಡಬಾರದು ಎಂದಿದ್ದರು. ತುರಿಕೆ ಬಂತು, ಕಣ್ಣಲ್ಲಿ ನೀರು ಬಂದು ಕಿವಿಗೆ ಇಳಿಯಿತು, ಒರೆಸಿಕೊಳ್ಳುವಂತಿಲ್ಲ. ಹೊಸ ದಾರ ಸೊಂಟಕ್ಕೆ ಒರಟಾಗಿ ತಾಕುತ್ತಿತ್ತು. ಅದೊಂದನ್ನೇ ನೆನೆಸುತ್ತ ಹೊತ್ತು ನೂಕಿದೆ.

ಬಹಳ ಹೊತ್ತಿನ ಮೇಲೆ ಕಿವಿಯಲ್ಲಿ ಹುಡುಗಿಯ ದನಿ ಬಂತು. ಈಗ ಔಷಧ ಬಿಡುತ್ತೇವೆ, ಕೈ ತಣ್ಣಗಾಗುತ್ತದೆ, ಅಂಜಬೇಡಿ ಎಂದಳು. ಈ ಸಲ ಮಾಸ್ತರ್ರ ಎಂದಳು. ಮೊಣಕೈಯ ಹತ್ತಿರ ತಣ್ಣಗಾಯಿತು, ಬಾವಿಯ ನೀರು ನಾಳದೊಳಗೆ ಹರಿದಂತೆ ಭುಜದ ತನಕ ಏರಿತು, ಆಮೇಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆ ಒಂದೆರಡು ನಿಮಿಷದ ಅಂಜಿಕೆಯನ್ನು ನಾನು ಸಾಯುವ ತನಕ ಮರೆಯಲಾರೆ. ಡಾಕ್ಟರರು ತೆಗೆದ ಚಿತ್ರ ಕಣ್ಣ ಮುಂದೆ ಇತ್ತು. ಔಷಧ ಈಗ ಎದೆ ದಾಟಿರಬೇಕು, ಈಗ ಹೊಟ್ಟೆಗೆ ಇಳಿದಿರಬೇಕು, ಈಗ ಅಲ್ಲಿಗೆ ಮುಟ್ಟಿರಬೇಕು. ಅಲ್ಲಿ ಅಣ್ಣನದೇ ರೋಗ ಕೂತಿದ್ದರೆ ಎಲ್ಲಕ್ಕಿಂತ ಮೊದಲು ಅದೇ ಬಾಯಿ ತೆರೆದು ಕುಡಿಯುತ್ತದೆ. ಮಕ್ಕಳ ತಲೆಯಲ್ಲಿ ಬೆಳಕು ಹಚ್ಚುವುದೇ ಮಾಸ್ತರನ ಕೆಲಸ ಎಂದು ಎಷ್ಟು ಭಾಷಣ ಬಿಗಿದಿದ್ದೆ. ಆ ಗವಿಯಲ್ಲಿ ಮಲಗಿ, ಬೆಳಗಬೇಡ, ಬೆಳಗಬೇಡ ಎಂದು ನನ್ನದೇ ಮಾಂಸಕ್ಕೆ ಮನಸ್ಸಿನಲ್ಲೇ ಕೈಮುಗಿದು ಕೇಳಿಕೊಂಡೆ.

ಬೆಳಗಿತ್ತು. ಮೂರು ದಿನದ ಮೇಲೆ ಡಾಕ್ಟರರು ಪರದೆಯ ಮೇಲೆ ತೋರಿಸಿದರು. ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಬೂದಿ ಬಣ್ಣದ ಚಿತ್ರ, ಅದರಲ್ಲಿ ಬಲಬದಿಗೆ ಒಂದು ಬಿಳಿ ಚುಕ್ಕೆ, ಕಡಲೆಕಾಳಿನಷ್ಟು. ಸುತ್ತಲಿನದು ಕಪ್ಪಗೇ ಇರುವಾಗ ಅದೊಂದು ಮೊದಲು ಹೊಳೆದು ಬೇಗ ಆರಿದೆ ಎಂದರು. ಗ್ರಂಥಿಯ ಹೊದಿಕೆ ದಾಟಿಲ್ಲ, ಎಲುಬಿನಲ್ಲಿ ಏನೂ ಕಾಣುತ್ತಿಲ್ಲ ಎಂದರು. ಇಷ್ಟರಿಂದಲೇ ಕ್ಯಾನ್ಸರ್ ಎಂದು ಹೇಳಲಾಗದು, ಸೂಜಿಯನ್ನು ನೇರ ಆ ಚುಕ್ಕೆಗೇ ಹಾಕಿ ತುಣುಕು ತೆಗೆದು ನೋಡಬೇಕು ಎಂದರು. ಸೂಜಿ ಹಾಕಿದರು. ವರದಿ ಬರುವ ತನಕ ದಿನ ಎಣಿಸಿದೆ. ಬಂತು. ಅದೇ ಆಗಿತ್ತು.

ಆದರೆ ಬೇಗ ಸಿಕ್ಕಿದೆ, ಚಿಕಿತ್ಸೆಗೆ ಬಗ್ಗುವಂಥದ್ದು ಎಂದರು ಡಾಕ್ಟರರು. ನನಗೆ ಉಸಿರು ಬಂದಂತಾಯಿತು, ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಅಣ್ಣ ತಮ್ಮ ಇಬ್ಬರಿಗೂ ಬಂದಿದೆ ಎಂದರೆ ಮನೆತನದ ಗಂಡಸರು ಹುಷಾರಾಗಿರಬೇಕು, ಅಣ್ಣನಿಗೆ ಗಂಡುಮಕ್ಕಳಿದ್ದರೆ ಕರೆತಂದು ರಕ್ತ ತೋರಿಸಿ ಎಂದರು. ಅಣ್ಣನಿಗೆ ಒಬ್ಬನೇ ಮಗ, ನಲವತ್ತೆಂಟು ಮುಗಿದವನು, ಅಪ್ಪನ ಹೊಲವನ್ನು ಅವನೇ ಮಾಡುತ್ತಾನೆ. ನನಗೆ ಮಕ್ಕಳಿಲ್ಲ. ಇರುವವನು ಅವನೊಬ್ಬ.

ಊರಿಗೆ ಬಂದ ಸಂಜೆಯೇ ವೈನಿಯ ಮನೆಗೆ ಹೋದೆ. ಹೆಂಡತಿ ಬರುತ್ತೇನೆಂದಳು, ಇದೊಂದು ನಾನೇ ಹೇಳಬೇಕಾದದ್ದು ಎಂದೆ. ವೈನಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರು ಕೂತು ನನ್ನ ರೋಗ ಹೇಳಿದೆ, ಮಗನ ರಕ್ತ ತೋರಿಸಬೇಕೆಂದು ಹೇಳಿದೆ. ಆಕೆಯ ಕೈ ನಿಂತಿತು. ಅಷ್ಟಕ್ಕೆ ಎದ್ದು ಬರಬಹುದಾಗಿತ್ತು. ಚಿಮಟಿಗೆ ಜೇಬಿನಲ್ಲಿತ್ತು, ಅದನ್ನು ತೆಗೆದು ಜೋಳದ ಪಕ್ಕದಲ್ಲಿಟ್ಟು ಉಳಿದದ್ದನ್ನೂ ಹೇಳಿದೆ. ಅಣ್ಣ ನಡು ಹಿಡಿಯುವುದಕ್ಕೆ ಎರಡು ವರ್ಷ ಮೊದಲೇ ನನ್ನ ಹತ್ತಿರ ಹೇಳಿಕೊಂಡಿದ್ದ, ನಾನು ನಕ್ಕು ಕಳಿಸಿದೆ ಎಂದೆ. ಬೈಯಲಿ, ಮೊರ ಎತ್ತಿ ಒಗೆಯಲಿ ಎಂದು ಕಾದೆ.

ವೈನಿ ಚಿಮಟಿಗೆಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ನನಗ ಗೊತ್ತೈತಿ ತಮ್ಮಾ. ಅವತ್ತ ಮನಿಗೆ ಬಂದು ನನ್ನ ಮುಂದ ಹೇಳಿದ್ರು. ಮಾಸ್ತರ ಏನೂ ಇಲ್ಲ ಅಂದಾನ, ಸುಮ್ಮನ ಅಂಜಿದ್ದೆ ಅಂದ್ರು. ಎರಡ ರೊಟ್ಟಿ ಜಾಸ್ತಿ ಉಂಡ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮೊರ ಎತ್ತಿಕೊಂಡು ಕೇರಿದಳು. ನಾನು ಏಳುವಾಗ, ನಾಳೆಯೇ ಅವನನ್ನು ಕರೆದುಕೊಂಡು ಹೋಗು ಎಂದಳು. ಚಿಮಟಿಗೆಯನ್ನು ವಾಪಸು ಕೊಡಲಿಲ್ಲ.

ಮರುದಿನ ಬೆಳಗ್ಗೆ ಅಣ್ಣನ ಮಗ ಬಸ್ ನಿಲ್ದಾಣಕ್ಕೆ ಬಂದ. ತೊಳೆದ ಅಂಗಿ ಹಾಕಿಕೊಂಡಿದ್ದ, ಮುಖ ಸಣ್ಣದಾಗಿತ್ತು. ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು. ನಿನಗೆ ಏನೂ ಇರುವುದಿಲ್ಲ ಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಬಸ್ಸು ದೂರದ ತಿರುವಿನಲ್ಲಿ ಧೂಳೆಬ್ಬಿಸುತ್ತ ಕಾಣಿಸಿದಾಗ ಅವನು ನನ್ನ ಕಡೆ ನೋಡದೆ, ಕಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತ ಮಾತು ತೆಗೆದ.

"ಕಾಕಾ, ಒಂದ್ ಮಾತ ಹೇಳ್ತೇನಿ, ನಗಬ್ಯಾಡ್ರಿ. ನನಗೂ ಕುಂತ್ರ ಲಗೂನ ಬರವಲ್ದು."

ಕೈ ತಾನಾಗಿ ಸೊಂಟಕ್ಕೆ ಹೋಯಿತು, ಅಲ್ಲಿ ಹೆಂಡತಿ ಹೊಸೆದ ದಾರ ಮಾತ್ರ ಇತ್ತು.

"ಎಷ್ಟ ದಿನಾತು?" ಎಂದು ಕೇಳಿದೆ.

ಅವನು ಬೆರಳು ಮಡಿಸಿ ತಿಂಗಳು ಎಣಿಸತೊಡಗಿದ. ಒಂದು ಕೈಯ ಬೆರಳು ಮುಗಿದವು. ಇನ್ನೊಂದು ಕೈ ತೆಗೆದ.